ಹಾಲಿನ ಸಾಲಿನಲ್ಲಿ ಕೈ ಎತ್ತಿಸಿದವರು

ಹೋದ ತಿಂಗಳು ಅವರು ನಿವೃತ್ತರಾದರು. ಮಂಡ್ಯದ ಒಂದು ಆಸ್ಪತ್ರೆಯ ಮಹಡಿಯ ಮೇಲೆ ಬೀಳ್ಕೊಡುಗೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಮಾತಾಡಲು ನಿಂತ ಮಹಾಶಯನೊಬ್ಬ ಜೇಬಿನಿಂದ ಚೀಟಿ ತೆಗೆದು, “ಇವರು ಶಾಂತ ಸ್ವಭಾವದವರು, ಮೃದುಭಾಷಿ, ಮೇಲಿನವರ ಮಾತಿಗೆ ಎಂದೂ ಎದುರಾಡಿದವರಲ್ಲ” ಎಂದು ಓದಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈ ಉರಿದುಹೋಯಿತು. ಶಾಂತ ಸ್ವಭಾವವಂತೆ! ಯಾರಿಗೋ ಬರೆದ ಚೀಟಿಯನ್ನು ಇವರಿಗೆ ಓದುತ್ತಿದ್ದೀರಲ್ಲ ಸ್ವಾಮಿ ಎಂದು ಕೇಳಿಯೇಬಿಡೋಣವೆಂದು ಅರ್ಧ ಎದ್ದೆ. ವೇದಿಕೆಯ ಮೇಲಿಂದ ಅವರು ನನ್ನನ್ನು ಕಂಡು, ಕೂರಿ ಎಂದು ಬೆರಳಲ್ಲೇ ಸನ್ನೆ ಮಾಡಿದರು. ಕೂತೆ. ಆದರೆ ಆ ಚೀಟಿಯ ಮಾತೇ ಕೊನೆಯ ಮಾತಾಗಲು ನಾನು ಬಿಡುವುದಿಲ್ಲ.

ನಾನು ಮದ್ದೂರಿನಲ್ಲಿ ಮೂವತ್ತು ವರ್ಷದಿಂದ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು, ಯಾವುದು ಬೇಕಾದರೂ ಕೈಯಲ್ಲೇ ಬರೆದುಕೊಟ್ಟವನು. ಈಗ ಎಲ್ಲರೂ ಕಂಪ್ಯೂಟರಿನಲ್ಲಿ ಕುಟ್ಟಿಸುತ್ತಾರೆ. ಆದರೂ “ನಿಮ್ಮ ಅಕ್ಷರದಲ್ಲೇ ಇರ್ಲಿ” ಎಂದು ಹುಡುಕಿಕೊಂಡು ಬರುವ ಜನ ಇದ್ದಾರೆ. ಹೆಸರು, ತಂದೆಯ ಹೆಸರು, ವಯಸ್ಸು, ವಾಸ ಹಾಕದೆ ನಾನು ಯಾರ ಬಗ್ಗೆಯೂ ಒಂದು ಸಾಲು ಬರೆದವನಲ್ಲ. ಇಲ್ಲಿ ಮಾತ್ರ ಹೆಸರಿಲ್ಲ. “ಬರಿಯೋದಾದ್ರೆ ಬರ್ಕಳಿ. ನನ್ನೆಸ್ರು ನೋಡಿ ನಾಕು ಜನ ಹಾರ ತಗೊಂಡು ಮನೆ ಬಾಗ್ಲಿಗೆ ಬಂದ್ರೆ ಮಾತ್ರ ನಿಮ್ಮನ್ನ ಸುಮ್ನೆ ಬುಡಾಕಿಲ್ಲ” ಎಂದಿದ್ದಾರೆ. ಅವರು ಸುಮ್ಮನೆ ಬಿಡದಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತು.

ಅವರು ಫಿಸಿಯೋಥೆರಪಿಯವರು. ಮುರಿದು ಕೂಡಿದ ಕೈಕಾಲು, ಲಕ್ವ ಹೊಡೆದ ಮೈ, ಹಿಡಿದುಕೊಂಡ ಭುಜ ಇವನ್ನೆಲ್ಲ ಮತ್ತೆ ಆಡುವಂತೆ ಮಾಡುವುದು ಅವರ ಕೆಲಸ. ನಮ್ಮ ಕಡೆಯವರ ಬಾಯಲ್ಲಿ ‘ಪಿಸಿಯೋ ಅಮ್ಮ’. ಯಲಿಯೂರಿನವರು. ದಿನಾ ಅಲ್ಲಿಂದ ರೈಲಿನಲ್ಲಿ ಮಂಡ್ಯಕ್ಕೆ. ಎತ್ತರದ ಹೆಂಗಸು, ದಪ್ಪ ಗಾಜಿನ ಕನ್ನಡಕ, ಒತ್ತಿ ಕತ್ತರಿಸಿದ ಉಗುರು. ಜನರ ಮುಖಕ್ಕಿಂತ ಮೊದಲು ಅವರ ಕಾಲು ನೋಡುತ್ತಿದ್ದರು. ಪ್ಲಾಟ್‌ಫಾರಮ್ಮಿನಲ್ಲಿ ಇಳಿದು ಹೋಗುತ್ತಿದ್ದ ಅಪರಿಚಿತರನ್ನು ತಡೆದು, “ರೀ, ನಿಮ್ಮ ಎಡಗಾಲು ಎಳೀತಾ ಐತೆ, ಗೊತ್ತಾ ನಿಮ್ಗೆ?” ಎನ್ನುತ್ತಿದ್ದರಂತೆ. ಒಬ್ಬ ಇವರನ್ನು ಕಣಿ ಹೇಳುವವರು ಅಂದುಕೊಂಡು ಕೈ ಚಾಚಿದ್ದನಂತೆ. “ಕೈ ಸರಿಯಾಗಿದೆ, ಕಾಲು ತೋರ್ಸು” ಎಂದರಂತೆ.

ನನ್ನ ಕಥೆ ಕೇಳಿ. ಕೊರೋನಾ ಬಂತಲ್ಲ, ಅದಕ್ಕೆ ಸ್ವಲ್ಪ ಮುಂಚೆ, ರಸ್ತೆಯಲ್ಲಿ ಬಿದ್ದಿದ್ದ ಕಬ್ಬಿನ ಸೋಗೆಯ ಮೇಲೆ ನನ್ನ ಸ್ಕೂಟರ್ ಜಾರಿತು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬೆರಳುಗಳನ್ನು ಆಡಿಸುತ್ತಿರಿ ಎಂದು ಮೂಳೆ ಡಾಕ್ಟರು ಹೇಳಿದ್ದರು. ನಾನು ಮಹಾ ಬುದ್ಧಿವಂತ, ನೋಯುತ್ತದೆಂದು ಕೈಯನ್ನು ಎಳೆಗೂಸಿನ ಹಾಗೆ ಎದೆಗೆ ಕಟ್ಟಿಕೊಂಡು ಆರು ವಾರ ಕದಲಿಸದೆ ಕೂತೆ. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಬದನೆಕಾಯಿಯಾಗಿದ್ದವು. ಮಡಚಲು ಬರದು, ಪೆನ್ನು ಹಿಡಿಯಲು ಬರದು, ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು.

ಗುಂಡಿ ಹಾಳಾಗಿ ಹೋಗಲಿ. ನನ್ನ ಹೊಟ್ಟೆಪಾಡು ರುಜುವಿನಲ್ಲಿದೆ. ಪ್ರತಿ ಪತ್ರದ ಕೊನೆಗೆ ಬರೆದವನ ರುಜು ಬೀಳಬೇಕು. ಲೈಸೆನ್ಸ್ ಮಾಡಿಸಿದಾಗ ಹಾಕಿದ ಮಾದರಿ ರುಜು ನೋಂದಣಿ ಕಚೇರಿಯಲ್ಲಿದೆ. ಅದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ನಾಳೆ ಯಾರಾದರೂ ತಕರಾರು ತೆಗೆದಾಗ, “ಇದು ನಿಮ್ಮ ರುಜುವೇ ಅಲ್ಲ” ಎಂದರೆ ಏನು ಹೇಳಲಿ? ಮನೆಯಲ್ಲಿ ಹಳೆಯ ಪೇಪರಿನ ಅಂಚಿನ ಮೇಲೆ ರುಜು ಹಾಕಿ ನೋಡಿದೆ. ಕೋಳಿ ಕೆದರಿದ ಹಾಗಿತ್ತು. ಐವತ್ತೈದು ದಾಟಿದ ಗಂಡಸು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಹಾಗೆ ಮಂಡ್ಯಕ್ಕೆ ಹೋಗಿ ಮೊದಲ ಸಲ ಅವರ ಮುಂದೆ ಕೂತೆ. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಇಟ್ಟು, ಹಿಸ್ಸೆ ಅಳೆಯುವ ಸರ್ವೇಯರ್ ಹಾಗೆ ಒಂದೊಂದು ಬೆರಳನ್ನೂ ಅಳೆದು ಬರೆದುಕೊಂಡರು.

“ಬೆರಳಾಡ್ಸಿ ಅಂತ ಹೇಳಿರ್ಲಿಲ್ವಾ?”

“ಹೇಳಿದ್ರು ಮೇಡಂ. ನೋಯ್ತಿತ್ತು.”

“ನೋಯೋದು ಬೇರೆ, ಕೆಡೋದು ಬೇರೆ. ನೀವು ನೋವಿಗೆ ಹೆದ್ರಿ ಕೈ ಕೆಡಿಸ್ಕಂಡಿದ್ದೀರಿ. ಎರಡು ತಿಂಗಳು ಟೈಮ್ ಐತೆ. ಅಷ್ಟರಲ್ಲಿ ಬಗ್ಗುದ್ರೆ ಬಗ್ತು. ಆಮೇಲೆ ಬಂದು ನನ್ನ ಮುಂದೆ ಕಣ್ಣೀರು ಹಾಕ್ಬೇಡಿ.”

ಜೊತೆಯಲ್ಲಿದ್ದ ನನ್ನ ಹೆಂಡತಿ, “ಪಾಪ, ಅವರಿಗೆ ತುಂಬಾ ನೋವು ಕಣಮ್ಮ” ಎಂದಳು. ಅವರು ಬರೆಯುವುದನ್ನು ನಿಲ್ಲಿಸಿದರು. “ನೋಡಿ ತಾಯಿ, ಈ ರೂಮಲ್ಲಿ ಪಾಪ ಅನ್ನೋ ಮಾತು ಆಡಂಗಿಲ್ಲ. ಪಾಪ ಅಂದ ತಕ್ಷಣ ಕೈ ಮಲಿಕ್ಕಬುಡ್ತದೆ. ಮನೇಲಿ ಇವರಿಗೆ ಕಲಸಿ ತಿನ್ಸೋದು ನಿಲ್ಸಿ. ಹಸಿದ್ರೆ ಬೆರಳು ತಾನೇ ಬಗ್ತದೆ.” ಬಸ್ಸಿನಲ್ಲಿ ಬರುವಾಗ ಹೆಂಡತಿ ನಗುತ್ತಿದ್ದಳು. ನಾನು ನಗಲಿಲ್ಲ. ಅವತ್ತು ರಾತ್ರಿ ಮುದ್ದೆಯ ತಟ್ಟೆಯ ಮುಂದೆ ಮುಕ್ಕಾಲು ಗಂಟೆ ಕೂತಿದ್ದೆ.

ನಾಲ್ಕೇ ದಿನ. ಎಲ್ಲ ಬಂದ್ ಆಯಿತು. ಬಸ್ಸಿಲ್ಲ, ರೈಲಿಲ್ಲ. ಆಸ್ಪತ್ರೆಯಲ್ಲಿ ಅವರ ರೂಮಿನ ಮಂಚ, ತೂಕದ ಚೀಲಗಳನ್ನೆಲ್ಲ ಮೂಲೆಗೆ ತಳ್ಳಿ ಗಂಟಲ ದ್ರವ ಪರೀಕ್ಷೆಯ ಸಾಮಾನು ತುಂಬಿದರು. ಇವರನ್ನು ಗೇಟಿನಲ್ಲಿ ನಿಲ್ಲಿಸಿ, ಬಂದವರ ಹಣೆಗೆ ಜ್ವರ ಅಳೆಯುವ ಮಿಷನ್ ಹಿಡಿಯಲು ಹಾಕಿದರು. ಇವರು ಒಳಗೆ ಹೋಗಿ ಆಸ್ಪತ್ರೆಯ ದೊಡ್ಡ ಸಾಹೇಬರನ್ನು ಕೇಳಿದ್ದನ್ನು, ಅಲ್ಲೇ ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ನನಗೆ ಆಮೇಲೆ ಹೇಳಿದ.

“ನನ್ನ ಹೊರರೋಗಿಗಳನ್ನ ಏನು ಮಾಡ್ಲಿ ಸಾರ್?”

“ಫಿಸಿಯೋ ತುರ್ತು ಸೇವೆ ಅಲ್ಲಮ್ಮ. ಎಲ್ಲ ಮುಗಿದ ಮೇಲೆ ಬರ್ಲಿ.”

“ಮೂಳೆ ಕೂಡೋದು ಯಾವ ಆರ್ಡರ್‌ಗೂ ಕಾಯಲ್ಲ ಸಾರ್. ನೀವು ಬಾಗಿಲು ಹಾಕಿದೀರಿ ಅಂತ ಅವರ ಕೀಲು ಗಟ್ಟಿಯಾಗೋದು ನಿಲ್ಲಿಸ್ತದಾ?”

ಸಾಹೇಬರು ತಲೆ ಎತ್ತಲಿಲ್ಲವಂತೆ. ತಪ್ಪು ಹೇಳುತ್ತಿಲ್ಲ, ಅವರ ತಲೆಯ ಮೇಲೂ ಬೆಟ್ಟದಷ್ಟು ಇತ್ತು. ಇವರು ಹೊರಗೆ ಬಂದವರೇ ಹೊರರೋಗಿಗಳ ರಿಜಿಸ್ಟರ್ ತೆಗೆದು, ಅದರಲ್ಲಿದ್ದ ಫೋನ್ ನಂಬರುಗಳನ್ನೆಲ್ಲ ಒಂದು ನೂರು ಹಾಳೆಯ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ ಅವರ ಶಾಂತ ಸ್ವಭಾವ.

ಒಂದು ಸಂಜೆ ನನಗೆ ಫೋನ್ ಬಂತು. ವಿಡಿಯೋ ಗಿಡಿಯೋ ಏನಿಲ್ಲ, ನನ್ನದು ಗುಂಡಿ ಒತ್ತುವ ಹಳೆಯ ಫೋನು.

“ಫೋನು ಯಾವ ಕೈಲಿ ಐತೆ?”

“ಎಡಗೈಲಿ ಮೇಡಂ.”

“ಬಲಗೈಗೆ ತಗಳಿ.”

“ಬಿದ್ದೋಗುತ್ತೆ.”

“ಬೀಳ್ಲಿ. ಬಿದ್ರೆ ನಂಗೆ ಕೇಳುಸ್ತದೆ. ಎತ್ಕಂಡು ಮತ್ತೆ ಮಾತಾಡಿ.”

ಅಷ್ಟೇ ಅವರ ಉಪಾಯ. ಆಮೇಲೆ ಕೈಯ ವಿಷಯವೇ ಎತ್ತುತ್ತಿರಲಿಲ್ಲ. ಏನು ಅಡುಗೆ, ನಾಲೆಗೆ ನೀರು ಬಿಟ್ಟರಾ, ನಿಮ್ಮೂರಲ್ಲಿ ಯಾರಿಗಾದರೂ ಜ್ವರವಾ ಎಂದು ಲೋಕಾಭಿರಾಮ ಮಾತಾಡುತ್ತ ಹೋಗುವುದು. ಬೆರಳುಗಳು ಮರದ ಹಾಗೆ ಜೋತುಬಿದ್ದು ಫೋನ್ ದಡಾರನೆ ನೆಲಕ್ಕೆ ಬೀಳುವುದು. ಎತ್ತಿಕೊಂಡರೆ, “ಇವತ್ತು ನಾಕು ನಿಮಿಷ. ನೆನ್ನೆ ಮೂರು” ಎನ್ನುವುದು. ಮಳವಳ್ಳಿ ಕಡೆಯ ಲಕ್ವ ಹೊಡೆದ ಅಜ್ಜಿಯೊಬ್ಬರಿಗೂ ಇದೇ ಪಾಠವಂತೆ. “ದಿನಾ ಮಾಡ್ತೀನಿ ಕಣವ್ವ” ಎಂದು ಆಕೆ ಸುಳ್ಳು ಹೇಳುತ್ತಿದ್ದರಂತೆ. ಆ ಕೈಯಲ್ಲೇ ಫೋನ್ ಹಿಡಿ ಎಂದಾಗ ಅಜ್ಜಿ, “ನನ್ ಅಳಿಮಯ್ಯನ ಪೋನು ಒಡ್ದೋದ್ರೆ ನೀನು ಕೊಡ್ಸೀಯಾ?” ಎಂದು ರೇಗಿದರಂತೆ. “ಕೊಡುಸ್ತೀನಿ ಕಣಜ್ಜಿ, ಮೊದ್ಲು ಇಡ್ಕೊ.” ಇಬ್ಬರಿಗೂ ದಿನಾ ಜಗಳ. ಒಂದೂವರೆ ತಿಂಗಳಾಗುವಷ್ಟರಲ್ಲಿ ಅಜ್ಜಿ ಅದೇ ಕೈಯಲ್ಲಿ ಫೋನ್ ಹಿಡಿದು ಇವರಿಗೆ ಮನಸಾರೆ ಬೈಯುವ ಹಾಗಾಗಿದ್ದರು.

ನಮ್ಮ ಮನೆಯಲ್ಲೂ ಒಂದು ಅನಾಹುತ ಆಗುವುದಿತ್ತು. ಪಕ್ಕದ ಬೀದಿಯ ಒಬ್ಬರು ಕೈ ತಿಕ್ಕುವುದರಲ್ಲಿ ಹೆಸರುವಾಸಿ. ಹೆಂಡತಿ ಎಣ್ಣೆ ಬಿಸಿ ಮಾಡಿ ಅವರನ್ನು ಕರೆಸಿದ್ದಳು. ಅಷ್ಟರಲ್ಲಿ ಫೋನ್ ಬಂತು. ವಿಷಯ ಕೇಳಿ ಆ ಕಡೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. “ಈಗ್ತಾನೆ ಕೂಡಿರೋ ಮೂಳೆ ಹತ್ರ ಹಿಟ್ಟು ನಾದಿದಂಗೆ ನಾದಿಸ್ತೀರಾ? ಆ ಎಣ್ಣೇಲಿ ವಡೆ ಹಾಕಳ್ಳಿ!” ಎಂದದ್ದು ಮಾತ್ರ ಬರೆಯಬಹುದಾದ್ದು. ಹೆಂಡತಿ ಮುಖ ಊದಿಸಿಕೊಂಡಳು. ಆದರೆ ಅವತ್ತು ನಿಜವಾಗಲೂ ಮದ್ದೂರು ವಡೆ ಮಾಡಿದಳು.

ಫೋನಿನಲ್ಲಿ ಎಷ್ಟು ದಿನ ನಡೆಯುತ್ತದೆ? ಕೈಯನ್ನು ಕಣ್ಣಿಂದ ನೋಡಬೇಕು. ಒಂದು ಬೆಳಿಗ್ಗೆ ಅವರು ಸ್ಕೂಟರಿನಲ್ಲಿ ನಮ್ಮೂರಿಗೇ ಬಂದುಬಿಟ್ಟರು. ಆಸ್ಪತ್ರೆಯ ಗುರುತಿನ ಚೀಟಿ ಇದ್ದುದರಿಂದ ಪೊಲೀಸರು ಬಿಟ್ಟಿದ್ದರು. ನಮ್ಮೂರು ಕೊಪ್ಪದ ಹತ್ತಿರದ ಹಳ್ಳಿ. ಊರ ಹುಡುಗರು ದಾರಿಗೆ ಅಡ್ಡ ಮುಳ್ಳು ಹಾಕಿ ಕಾವಲು ಕೂತಿದ್ದರು.

“ಊರೊಳಕ್ಕೆ ಯಾರ್ನೂ ಬುಡಾಕಿಲ್ಲ ಕಣಮ್ಮ, ವೋಗಿ.”

“ಹಾಲಿನ ವ್ಯಾನು ಬುಡ್ತೀರಾ?”

“ಅದು ಒಳಕ್ಕೆ ಎಲ್ಲಿ ಬತ್ತದೆ? ಡೈರಿ ಅಲ್ಲೇ ರೋಡ್ನಾಗೇ ಐತಲ್ಲ.”

ಅವರು ತಿರುಗಿ ನೋಡಿದರು. ಟಾರು ರಸ್ತೆಯ ಪಕ್ಕ, ಮುಳ್ಳಿನ ಬೇಲಿಯ ಆಚೆ, ಹೊಂಗೆ ಮರದ ಕೆಳಗೆ ನಮ್ಮ ಹಾಲಿನ ಡೈರಿ. ಎದುರಿಗೆ ಸುಣ್ಣದ ಪುಡಿಯಲ್ಲಿ ಹಾಕಿದ ಒಂದೊಂದೇ ವೃತ್ತ, ಆರಡಿಗೊಂದು. ಒಂದೊಂದರಲ್ಲಿ ಒಬ್ಬೊಬ್ಬರು ಕ್ಯಾನ್ ಹಿಡಿದು ನಿಂತಿದ್ದರು. ದೇಶವೆಲ್ಲ ಮುಚ್ಚಿದ್ದರೂ ಆ ಸಾಲು ಮಾತ್ರ ದಿನಕ್ಕೆ ಎರಡು ಹೊತ್ತು ನಿಲ್ಲುತ್ತಿತ್ತು.

“ಹಂಗಾದ್ರೆ ನಾನು ನಿಮ್ಮೂರೊಳಕ್ಕೆ ಬರದೇ ಇಲ್ಲ ಬುಡ್ರಪ್ಪ. ಒಂದೆಜ್ಜೆ ಇಟ್ರೆ ಕಾಲ್ ಮುರೀರಿ. ಆಮೇಲೆ ಅದನ್ನ ಸರಿ ಮಾಡಕ್ಕೂ ನಾನೇ ಬೇಕು” ಎಂದವರೇ ಸ್ಕೂಟರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಡೈರಿಯ ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಅವನ ತಾಯಿಗೂ ಮೊಣಕಾಲು ಹಿಡಿದಿತ್ತು. ಸಾಲಿನ ಕೊನೆಗೆ ಇನ್ನೂ ಎಂಟು ವೃತ್ತ ಹಾಕಿದ.

ಅಲ್ಲಿಂದ ಸೋಮವಾರ, ಗುರುವಾರ ನಮ್ಮೂರಿನ ಸರದಿ. ಬೆಳಿಗ್ಗೆ ಆರೂವರೆಗೆ ಇಲ್ಲಿ, ಒಂಬತ್ತಕ್ಕೆ ಮಂಡ್ಯದ ಗೇಟಿನಲ್ಲಿ. ಮಿಕ್ಕ ದಿನ ಮಳವಳ್ಳಿ ದಾರಿಯ ಬೇರೆ ಬೇರೆ ಡೈರಿ. ಸುತ್ತಲ ಹಳ್ಳಿಗಳಿಂದ ಅವರ ಎಂಟು ಜನ ರೋಗಿಗಳು ಬರುತ್ತಿದ್ದೆವು. ಗಸ್ತಿನ ಪೊಲೀಸರು ಕ್ಯಾನ್ ಇದ್ದವರನ್ನು ಏನೂ ಕೇಳುತ್ತಿರಲಿಲ್ಲ. ನನಗೆ ಹಸುವಿಲ್ಲ, ಮಾರಿ ಎಷ್ಟೋ ವರ್ಷ. ಅದಕ್ಕೇನಂತೆ? “ಕ್ಯಾನಿಗೆ ಒಂದು ಚೊಂಬು ನೀರು ಹಾಕಿ ಬಲಗೈಲಿ ಹಿಡ್ಕಂಡು ಬನ್ನಿ. ಮುಂದಿನ ವಾರ ಎರಡು ಚೊಂಬು” ಎಂದರು. ಅದೇ ಪಾಸು, ಅದೇ ತೂಕದ ಕಲ್ಲು. ನೀರಿನ ಕ್ಯಾನ್ ಹಿಡಿದು ಹಾಲಿನ ಸಾಲಿನಲ್ಲಿ ನಿಂತ ಊರಿನ ಮೊದಲ ಗಂಡಸು ನಾನೇ ಇರಬೇಕು.

ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೂ ದಾರಿ ಮಾಡಿದರು. ಎಂಟು ಮೊಳದ ಪಂಚೆಯ ಒಂದು ತುದಿ ನನ್ನ ಕೈಗೆ, ಇನ್ನೊಂದು ತುದಿ ಅವರ ಕೈಗೆ. ನಡುವೆ ಆರಡಿಗೂ ಹೆಚ್ಚು ಜಾಗ. ಅವರು ಎಳೆಯುವುದು, ನಾನು ಬಿಡದೆ ಹಿಡಿಯುವುದು. “ಕಿರುಬೆರಳು ಕಳ್ಳಾಟ ಆಡ್ತಾ ಐತೆ, ಅದನ್ನೂ ಸೇರ್ಸಿ” ಎನ್ನುವರು. ಅಷ್ಟು ದೂರದಿಂದ ಬಟ್ಟೆಯಲ್ಲೇ ಅವರಿಗೆ ಬೆರಳು ಗೊತ್ತಾಗುತ್ತಿತ್ತು. ನಿಜವಾಗಿ ಹಾಲು ತಂದವರೂ ತಮ್ಮ ಸರದಿ ಬರುವವರೆಗೆ ನಮ್ಮ ಜೊತೆ ಕೈ ಎತ್ತಿ ಇಳಿಸಲು ಶುರುಮಾಡಿದರು. ಎಲ್ಲ ಕಡೆಯಿಂದ ಸಾವಿನ ಸುದ್ದಿ ಬರುತ್ತಿದ್ದ ದಿನಗಳವು. ಆ ಸಾಲಿನಲ್ಲಿ ಮಾತ್ರ ನಗು ಕೇಳುತ್ತಿತ್ತು. ನನಗೆ ಬದುಕುವ ಆಸೆ ಬಂದದ್ದು ಅಲ್ಲಿ.

ಅದನ್ನು ಹಾಳು ಮಾಡಿದವನೂ ನಾನೇ.

ಸಾಲಿನಲ್ಲಿ ನಿಲ್ಲುವುದೆಂದರೆ ನಮ್ಮವರು ನಿಲ್ಲುತ್ತಾರೆಯೇ? ವೃತ್ತದಲ್ಲಿ ಕ್ಯಾನ್ ಇಟ್ಟು ಮರದ ನೆರಳಿಗೆ ಹೋಗುತ್ತಾರೆ. ಸರದಿಯಲ್ಲಿರುವುದು ಕ್ಯಾನು, ಮನುಷ್ಯನಲ್ಲ. ಆ ಸೋಮವಾರ ನಾನೂ ಕ್ಯಾನ್ ಇಟ್ಟು ಪಂಚೆ ಎಳೆಯಲು ಹೋಗಿದ್ದೆ. ಪಕ್ಕದ ವೃತ್ತದಲ್ಲಿ ನಮ್ಮ ಬೀದಿಯ ಪುಟ್ಟತಾಯಮ್ಮನ ಕ್ಯಾನು. ಎರಡೂ ಒಂದೇ ಸಂತೆಯವು, ಒಂದೇ ಅಳತೆಯವು. ಮುಗಿಸಿ ಬಂದವನು ಒಂದನ್ನು ಎತ್ತಿಕೊಂಡು ಮನೆಗೆ ಹೊರಟೆ. ಬರೆದ ಪತ್ರವನ್ನು ಎರಡು ಸಲ ಓದಿ ಹೇಳದೆ ಯಾರಿಂದಲೂ ಹೆಬ್ಬೆಟ್ಟು ಒತ್ತಿಸದವನು, ಒಂದು ಕ್ಯಾನಿನ ಮುಚ್ಚಳ ತೆಗೆದು ನೋಡಲಿಲ್ಲ.

ಮನೆಯಲ್ಲಿ ಹೆಂಡತಿ ಮುಚ್ಚಳ ತೆಗೆದು, “ಇದ್ಯಾವ ಹಸ ಕರೀತು ನಿಮ್ಗೆ?” ಎಂದಳು. ಒಳಗೆ ನೊರೆ ನೊರೆ ಹಾಲು. ಕ್ಯಾನ್ ಎತ್ತಿಕೊಂಡು ಡೈರಿಗೆ ಓಡಿದೆ.

ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮಾಸ್ಕಿನ ಆವಿಗೆ ಕಾರ್ಯದರ್ಶಿಯ ಕನ್ನಡಕ ಮಂಜಾಗಿತ್ತು. ಪುಟ್ಟತಾಯಮ್ಮ ಕೊಟ್ಟ ಕ್ಯಾನನ್ನು ಅವನು ದೊಡ್ಡ ಕ್ಯಾನಿಗೆ ಸುರಿದೇಬಿಟ್ಟಿದ್ದ.

“ಇದೇನಮ್ಮೀ, ಬರೀ ನೀರು!”

“ಯಾರಿಗ್ಲಾ ಯೋಳ್ತಿದ್ದೀಯ ನೀನು? ನಮ್ಮಟ್ಟಿ ಹಸ ನೀರು ಕರೀತದಾ? ಇಪ್ಪತ್ತು ವರ್ಸದಿಂದ ಹಾಲಾಕಿವ್ನಿ, ಒಬ್ರ ಕೈಲಿ ಅನ್ನುಸ್ಕಂಡಿಲ್ಲ!” ಆಕೆ ಕೂಗುತ್ತಿದ್ದರು, ಅಳುತ್ತಿದ್ದರು. ನಾನು ಹೋಗಿ ಕ್ಯಾನು ನನ್ನದು ಎಂದು ಹೇಳಿ, ಆಕೆಯ ಕಾಲು ಹಿಡಿಯುವುದೊಂದು ಬಾಕಿ. ಪುಟ್ಟತಾಯಮ್ಮ ಸಮಾಧಾನವಾದರು. ಆದರೆ ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ಎಲ್ಲ ಹಿಡಿದಿದ್ದ. ಸಂಜೆಗೆ ಅದು ಮದ್ದೂರು ಮಂಡ್ಯವೆಲ್ಲ ಸುತ್ತಿತ್ತು. ಡೈರಿ ಮುಂದೆ ಜನ ಸೇರಿಸಿ ಹಾಲಿಗೆ ನೀರು ಹಾಕಿಸಿದ ಆಸ್ಪತ್ರೆಯಮ್ಮ ಎಂದು ಅದಕ್ಕೊಂದು ತಲೆಬರಹ ಬೇರೆ.

ಗುರುವಾರ ಅವರು ಬಂದಾಗ ಕೈಯಲ್ಲಿ ನೋಟೀಸಿತ್ತು. ಜನ ಸೇರಿಸಿದ್ದು, ಅಗತ್ಯ ಸೇವೆಗೆ ಅಡ್ಡಿ ಮಾಡಿದ್ದು, ಕೊಟ್ಟ ಜಾಗ ಬಿಟ್ಟು ಬೇರೆ ಕಡೆ ಚಿಕಿತ್ಸೆ ಮಾಡಿದ್ದು. ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು. ‘ತಪ್ಪಾಯಿತು, ಇನ್ನು ಮುಂದೆ ಮಾಡುವುದಿಲ್ಲ’ ಎಂದು ಎರಡು ಸಾಲು ಬರೆದುಕೊಟ್ಟರೆ ಮುಗಿಯಿತು, ಫೈಲು ಮುಚ್ಚುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು.

“ಬರ್ದು ಬಿಸಾಕಿ ಅಮ್ಮಾವ್ರೆ, ಎರಡು ಸಾಲು ತಾನೇ” ಎಂದ ಕಾರ್ಯದರ್ಶಿ.

“ಬರೀಬೋದು. ಬರ್ದ ಮೇಲೆ ಮುಂದಿನ ಸೋಮವಾರ ಇಲ್ಲಿಗೆ ಹೆಂಗೆ ಬರ್ಲಿ?” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಯಜಮಾನ್ರೆ, ನೀವು ಬರೀರಿ” ಎಂದರು.

“ನಾನಾ? ಈ ಕೈಲಾ?”

“ಆ ಕೈ ನಂಗೊತ್ತು. ಬರೀರಿ.”

ಪುಟ್ಟತಾಯಮ್ಮ ಮನೆಯಿಂದ ಮಣೆ ತಂದಿಟ್ಟರು. ಡೈರಿಯ ಜಗಲಿಯ ಮೇಲೆ ಕೂತು ಶುರುಮಾಡಿದೆ. ಮೂರು ಸಾಲಿಗೊಮ್ಮೆ ಕೈ ಸೆಟೆದುಕೊಳ್ಳುತ್ತಿತ್ತು. ಮಡಚಿ ಬಿಚ್ಚಿ, ಮತ್ತೆ ಪೆನ್ನು. ಹಾಲಿನ ವ್ಯಾನ್ ಬಂದು ಹೋಯಿತು, ಬಿಸಿಲು ಜಗಲಿ ಹತ್ತಿ ನನ್ನ ಮಂಡಿಯವರೆಗೆ ಬಂತು. ಅವರು ಮಂಡ್ಯಕ್ಕೆ ಫೋನ್ ಮಾಡಿ ಅರ್ಧ ದಿನ ರಜ ಹೇಳಿ, ಮಿಕ್ಕವರ ಕೈಕಾಲು ನೋಡುತ್ತಿದ್ದರು. ಒಂದು ಸಲವೂ ನನ್ನ ಕಡೆ ಬರಲಿಲ್ಲ, ಆಯಿತಾ ಎಂದು ಕೇಳಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆದೆ. ಎಂಟು ಜನ ಯಾರು, ಯಾರ ಕೀಲು ಎಷ್ಟು ಆಡುತ್ತಿತ್ತು, ಈಗ ಎಷ್ಟು ಆಡುತ್ತಿದೆ, ಆರಡಿ ದೂರ ಹೇಗೆ ಇತ್ತು. ಕ್ಯಾನು ನನ್ನದು, ತಪ್ಪು ನನ್ನದು ಎಂದೂ ಬರೆದೆ. ಅವರು ಓದಿ, “ನಿಮ್ಮ ಮಾತು ಯಾಕೆ? ನಾಳೆ ನಿಮ್ಮ ಲೈಸೆನ್ಸಿಗೆ ಸಂಚಕಾರ ಬಂದ್ರೆ? ಹೊಡೆದಾಕಿ” ಎಂದರು. ನನಗೆ ಅವರ ಮೇಲೆ ಮೊದಲ ಸಲ ಸಿಟ್ಟು ಬಂತು. “ಮೇಡಂ, ಕೈ ನಿಮ್ಮ ಮಾತು ಕೇಳ್ತದೆ. ಪತ್ರದಲ್ಲಿ ಏನಿರ್ಬೇಕು ಅನ್ನೋದು ನನ್ನ ಕಸುಬು” ಎಂದೆ. ಅವರು ನಕ್ಕದ್ದು ಮಾಸ್ಕಿನ ಮೇಲಿನ ಕಣ್ಣಿನಲ್ಲೇ ಗೊತ್ತಾಯಿತು. ಕೊನೆಗೆ ಒಂದು ಸಾಲು ಅವರೇ ಹೇಳಿ ಬರೆಸಿದರು: ‘ನೀರಿನ ಕ್ಯಾನುಗಳಿಗೆಲ್ಲ ಕೆಂಪು ಬಣ್ಣ ಬಳಿಸಿ, ಈ ಕೆಲಸವನ್ನು ಇನ್ನು ಮುಂದೆಯೂ ಮಾಡುತ್ತೇನೆ.’ ಕೆಳಗೆ ಅವರ ಸಹಿ. ಅದರ ಕೆಳಗೆ, ಬರೆದವನ ರುಜು.

ಶನಿವಾರ ನನಗೂ ಕರೆ ಬಂತು. ಹಾಲಿನ ವ್ಯಾನಿನಲ್ಲಿ ಡ್ರೈವರ್ ಪಕ್ಕ ಕೂತು ಮಂಡ್ಯಕ್ಕೆ ಹೋದೆ. ಅವರು ಆಗಲೇ ಆ ಸಾಹೇಬರ ಕೋಣೆಯಲ್ಲಿ ಗೋಡೆಯ ಪಕ್ಕ ನಿಂತಿದ್ದರು. ಸಾಹೇಬರ ಮೇಜಿನ ಮೇಲೆ ನನ್ನ ಬರಹವಿತ್ತು.

“ಇದು ಕೈ ಮುರಿದವನ ಅಕ್ಷರ ಅಂದ್ರೆ ನಾನು ನಂಬಬೇಕಾ? ಯಾರ ಕೈಲಿ ಬರೆಸಿ ನಿಮ್ಮ ಹೆಸರು ಹಾಕಿದ್ದೀರಿ?”

“ನಾನೇ ಬರ್ದಿದ್ದು ಸಾರ್.”

“ಹಂಗಾದ್ರೆ ನನ್ನೆದುರಿಗೇ ಬರೀರಿ. ಏನಾದ್ರೂ ಒಂದು ಸಾಲು. ಕೆಳಗೆ ಸೈನು ಹಾಕಿ.” ಬಿಳಿ ಹಾಳೆ ಮುಂದಕ್ಕೆ ತಳ್ಳಿದರು.

ನಾನು ಸುಳ್ಳುಗಾರ ಎನಿಸಿಕೊಂಡರೆ ನನ್ನ ಲೈಸೆನ್ಸು ಅಷ್ಟೇ ಅಲ್ಲ, ಅವರ ಕೆಲಸವೂ ಹೋಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಬೆರಳುಗಳಲ್ಲಿ ಪೆನ್ನು ಜಾರಿತು. ಮೊದಲ ಅಕ್ಷರ ವಕ್ರವಾಯಿತು. ಅವರು ಏನೋ ಹೇಳಲು ಹೋದರು. “ನೀವು ಸುಮ್ಮನಿರಿ” ಎಂದರು ಸಾಹೇಬರು.

“ಭುಜ ಸಡಿಲ ಬುಡಿ” ಎಂದರು ಅವರು, ಸುಮ್ಮನಿರದೆ.

ಭುಜ ಇಳಿಸಿದೆ. ಉಸಿರು ಬಿಟ್ಟೆ. ಆಮೇಲೆ ನಿಧಾನವಾಗಿ ಬರೆದೆ: ‘ಬರುವ ಸೋಮವಾರ ಬೆಳಿಗ್ಗೆ ಆರೂವರೆ ಗಂಟೆಗೆ ನಾನು ನಮ್ಮೂರಿನ ಡೈರಿಯ ಮುಂದೆ, ನನ್ನ ವೃತ್ತದಲ್ಲಿ ನಿಂತಿರುತ್ತೇನೆ.’ ಕೆಳಗೆ ರುಜು ಹಾಕಿದೆ. ಅಷ್ಟು ವರ್ಷದಿಂದ ಹಾಕಿದ ಅದೇ ರುಜು, ಎಳೆದ ಬಾಲವೂ ಸೇರಿ, ಹಾಳೆಯ ಮೇಲೆ ಬಂದು ಕೂತಿತು.

ಸಾಹೇಬರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಬರೆದ ಸಾಲನ್ನು ಎರಡನೆಯ ಸಲ ಓದಿದ್ದೂ ಗೊತ್ತಾಯಿತು. ಎರಡನ್ನೂ ಫೈಲಿಗೆ ಸೇರಿಸಿ ದಾರ ಕಟ್ಟಿದರು. “ಬಣ್ಣ ಸರಿಯಾಗಿ ಬಳಿಸಮ್ಮ” ಎಂದರು, ಅಷ್ಟೇ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ. ಅವರು ಆರಡಿ ದೂರದಲ್ಲಿ ನಿಂತು, ಮುಗಿಯುವವರೆಗೆ ಕಾದು, “ಕೈ ತೋರ್ಸಿ” ಎಂದರು. ಮಡಚಿ ತೋರಿಸಿದೆ, ಬಿಚ್ಚಿ ತೋರಿಸಿದೆ.

“ಸೋಮವಾರ ನೀವು ಬರಬೇಡಿ” ಎಂದರು.

“ಯಾಕೆ ಮೇಡಂ? ಸಾಹೇಬ್ರಿಗೆ ಬರ್ದು ಕೊಟ್ಟಿದ್ದೀನಲ್ಲ!”

“ಆ ಕೈಲೇ ಬರ್ದು ಕೊಟ್ರಲ್ಲ, ಅದಕ್ಕೇ” ಎಂದು ಸ್ಕೂಟರ್ ಹತ್ತಿದರು. “ಭುಜ ಎತ್ತಕಾಗದ ಹೆಣ್ಮಗಳೊಬ್ಳು ಕಾಯ್ತಾವ್ಳೆ. ಸಾಲಲ್ಲಿ ನಿಮ್ಮ ರೌಂಡು ಅವ್ಳಿಗೆ ಬೇಕು.”